ಅಕ್ಕೋರು ನೀರು ಬಿಟ್ಟ ದಿನಗಳು

ಹೋದ ತಿಂಗಳು ಹಲ್ಲು ಕೀಳಿಸಿಕೊಂಡು ಬಂದೆ. ಡಾಕ್ಟರು ಕೊಟ್ಟ ಕ್ಯಾಪ್ಸೂಲಿನ ಪಟ್ಟಿ ಒಡೆದಾಗ ಒಂದು ವಾಸನೆ ಮೂಗಿಗೆ ಬಡಿಯಿತು, ಮುಗ್ಗಿದ ಹಿಟ್ಟಿನಂಥದ್ದು... ನುಂಗುವುದು ಬಿಟ್ಟು ಕೈಯಲ್ಲೇ ಹಿಡಿದುಕೊಂಡು ಕೂತೆ. ನನ್ನ ತವರೂರು ಕೊಳಕೂರಿನಲ್ಲಿ ನಮ್ಮ ಅಕ್ಕೋರ ಕೋಣೆಯಲ್ಲಿ ಇದೇ ವಾಸನೆ ಇತ್ತು.

ಎಂಬತ್ತರ ದಶಕದ ಮಾತು. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅಂತಲೇ ಕರೆಯುತ್ತಿದ್ದರು. ಇವರು ಮಹಾರಾಷ್ಟ್ರದ ಗಡಿಗೆ ಹತ್ತಿರದ, ಆಳಂದ ತಾಲೂಕಿನ ಹಿರೋಳ್ಳಿಯವರು. ಮದುವೆಯಾಗಿರಲಿಲ್ಲ. ನಮ್ಮ ಮನೆಗೆ ಹೊಂದಿಕೊಂಡ ಕೋಣೆಯಲ್ಲಿ ಬಾಡಿಗೆಗೆ ಇದ್ದರು. ಸಿಟ್ಟು ಬಂದರೆ ಮರಾಠಿಯಲ್ಲಿ ಬೈಯುತ್ತಿದ್ದರು. ಅರ್ಥವಾಗದೆ ನಮಗೆ ನಗು ಬರುತ್ತಿತ್ತು. ನಾನು ಆಗ ಅವರ ನಾಲ್ಕನೇ ಇಯತ್ತೆಯಲ್ಲಿದ್ದೆ.

ಆ ವರ್ಷ ಅವರ ಹಿಮ್ಮಡಿಯಲ್ಲಿ ಜಾಲಿಮುಳ್ಳು ಮುರಿದು ಕೀವು ತುಂಬಿತು. ಜೇವರ್ಗಿಯ ಡಾಕ್ಟರು ಕ್ಯಾಪ್ಸೂಲು ಕೊಟ್ಟರು, ಗಾಯ ಮಾಯಿತು. ಅಷ್ಟರಲ್ಲಿ ಭೇದಿ ಶುರುವಾಯಿತು. ಗಾಯಕ್ಕೆ ಗುಣ ಕೊಟ್ಟ ಗುಳಿಗೆ ಇದಕ್ಕೂ ಆದೀತೆಂದು ಅಕ್ಕೋರು, ಜೇವರ್ಗಿಗೆ ಹೋಗುವವರ ಕೈಲಿ ಅದನ್ನೇ ಮತ್ತೆ ತರಿಸಿ ನುಂಗಿದರು. ನುಂಗಿದಷ್ಟೂ ಹೆಚ್ಚಾಯಿತು.

ಊರಲ್ಲಿ ಯಾರ ಮನೆಯಲ್ಲೂ ಪಾಯಖಾನೆ ಇರಲಿಲ್ಲ. ಹೆಂಗಸರು ನಸುಕಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ನೀರಿನ ಚರಗಿ ಹಿಡಿದು ಬಯಲಿಗೆ ಹೋಗಬೇಕು. ಅದಕ್ಕೆ ಅಕ್ಕೋರು ನೀರು ಕುಡಿಯುವುದನ್ನೇ ಬಿಟ್ಟರು. ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಕರಿಹಲಗೆಯ ಮೇಲೆ ಬರೆಯುತ್ತಿದ್ದವರು ಗೋಡೆ ಹಿಡಿದು ಹಾಗೆಯೇ ಕುಸಿದರು.

ಸುದ್ದಿ ತಿಳಿದು ಅವ್ವ ಶಾಲೆಗೆ ಓಡಿ ಬಂದಳು. ಒಣಗಿ ಬಿರಿದ ತುಟಿ ನೋಡಿದಳು.

“ನೀರ್ ಯಾಕ ಕುಡೀವಲ್ರಿ, ಅಕ್ಕೋರೇ?”

“ಕುಡದ್ರ ಹೊರಗ ಹೋಗ್ಬೇಕಾಗ್ತದ, ವೈನಿ. ಹಗಲಹೊತ್ತು ಆ ಹೊಲದಾಗ ನಮ್ಮ ಸಾಲಿ ಹುಡುಗರೇ ದನಾ ಮೇಸ್ತಿರ್ತಾವ... ನಾಳಿ ಅವಕ್ಕ ನಾ ಹ್ಯಾಂಗ ಪಾಠಾ ಹೇಳ್ಲಿ?”

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ನೆನಪಿದೆ. ಸಂಜೆಯೊಳಗೆ ಅಪ್ಪ ಹಿತ್ತಲಲ್ಲಿ ಗುಂಡಿ ತೋಡಿ, ಜೋಳದ ದಂಟಿನ ತಟ್ಟಿ ಕಟ್ಟಿ ಮರೆ ಮಾಡಿದ. ಅವ್ವ ಉಪ್ಪು ಸಕ್ಕರೆ ಕಲೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿಸಿದಳು. ಆದರೂ ಭೇದಿ ನಿಲ್ಲಲಿಲ್ಲ. ಜ್ವರ ಏರಿತು, ರಕ್ತ ಕಾಣಿಸಿತು. ಮರುದಿನ ಕಲಬುರಗಿಯ ದವಾಖಾನೆಗೆ ಕರೆದೊಯ್ದರು. ನಾನೂ ಹಟ ಮಾಡಿ ಜೀಪು ಹತ್ತಿದೆ.

ಅಲ್ಲಿನ ವಯಸ್ಸಾದ ಡಾಕ್ಟರು ಮೊದಲು ಕೇಳಿದ್ದೇ, ಇದಕ್ಕೂ ಮುಂಚೆ ಯಾವ ಗುಳಿಗೆ ನುಂಗಿದಿರಿ ಎಂದು. ತಿಳಿದೊಡನೆ ಅದನ್ನು ನಿಲ್ಲಿಸಿದರು.

“ಗಾಯದಾಗಿನ ಹುಳಾ ಕೊಲ್ಲೋ ಔಷಧ ಅದು. ಹೊಟ್ಟ್ಯಾಗಿನ ಒಳ್ಳೇವನ್ನೂ ಕೊಂದದ. ಅವು ಹೋದ ಜಾಗಾದಾಗ ಕೆಟ್ಟವು ಬೆಳದಾವ.”

ಅಕ್ಕೋರು ಕಷ್ಟಪಟ್ಟು ಕಣ್ಣು ತೆರೆದು, “ಹೊಟ್ಟ್ಯಾಗ ಒಳ್ಳೇವೂ ಇರ್ತಾವೇನ್ರಿ?” ಅಂದರು. ಅಂಥ ಸಂಕಟದಲ್ಲೂ...

ಸಲೈನು ಹಾಕಿದರು, ಬೇರೆ ಔಷಧ ಕೊಟ್ಟರು. ಜೀವ ಉಳಿಯಿತು. ಶಾಲೆಗೆ ಮರಳಿದಾಗ ರವಿಕೆಯ ತೋಳು ಜೋತು ಬೀಳುತ್ತಿತ್ತು.

ಬಂದವರೇ ಹುಡುಗಿಯರನ್ನಷ್ಟೇ ಹತ್ತಿರ ಕರೆದು ಕೇಳಿದರು. “ಖರೇ ಹೇಳ್ರಿ. ಸಾಲಿಗಿ ಬರಾಗ ನೀರು ಕುಡದು ಬರ್ತೀರಿಲ್ಲೋ?”

ನಾವು ತಲೆ ತಗ್ಗಿಸಿದೆವು. ಯಾರೂ ಕುಡಿದು ಬರುತ್ತಿರಲಿಲ್ಲ. ನಮ್ಮದೂ ಅವರದೇ ಕಾರಣ.

ಅಕ್ಕೋರು ಅಪ್ಪನಿಗೆ ಹೇಳಿ ಶಾಲೆಯ ಹಿಂದೆಯೂ ಗುಂಡಿ ತೋಡಿಸಿ, ತಟ್ಟಿಯ ಮರೆ ಕಟ್ಟಿಸಿದರು. ಹೆಡ್‌ಮಾಸ್ತರರು ನಕ್ಕರು. ನಾಚಿಕೆಯಿಂದ ನಾವು ಯಾರೂ ಅತ್ತ ಹೋಗಲಿಲ್ಲ. ಆಗ ಅಕ್ಕೋರೇ ಚರಗಿ ತುಂಬಿಕೊಂಡು, ಇಡೀ ಶಾಲೆಯ ಎದುರು ನಡೆದು ಹೋಗಿ ಬಂದರು. ಹುಡುಗರ ಕಣ್ಣಿಗೆ ಬೀಳಬಾರದೆಂದು ಸಾಯಲು ತಯಾರಾಗಿದ್ದ ಹೆಂಗಸು ಆಕೆ! ಕೈ ತೊಳೆದು, ನಮ್ಮ ಕಡೆ ತಿರುಗಿ, “ಹೂಂ, ಇನ್ನ ಯಾರು?” ಅಂದರು.

ನಾನು ಎದ್ದು ನಿಂತೆ.

ಮುಂದೆ ಅವರಿಗೆ ಆಳಂದದ ಕಡೆ ವರ್ಗವಾಯಿತು. ನಾನು ಮದುವೆಯಾಗಿ ಅಫಜಲಪುರಕ್ಕೆ ಬಂದೆ. ಹೋಗಿ ನೋಡಿ ಬರಬೇಕು ಅನ್ನುತ್ತಲೇ ವರ್ಷಗಳು ಸರಿದವು... ಮೊನ್ನೆ ಅವರಿವರನ್ನು ಕೇಳಿ ನಂಬರು ಹುಡುಕಿ ಹಿರೋಳ್ಳಿಗೆ ಫೋನು ಮಾಡಿದೆ. ಅವರ ತಮ್ಮನ ಮಗಳು ಎತ್ತಿದಳು.

“ನಮ್ಮ ಅತ್ತಿ ಹೋಗಿ ಭಾಳ ವರ್ಷ ಆಯ್ತಲ್ರಿ. ನೀವ್ಯಾರ್ರಿ?”

ಯಾರೆಂದು ಹೇಳಲು ಹೋಗಿ ಅತ್ತೇಬಿಟ್ಟೆ. ಆ ಹೆಣ್ಣುಮಗಳು ಫೋನು ಇಡಲಿಲ್ಲ. ನಾನು ಅತ್ತು ಮುಗಿಸುವ ತನಕ ಕಾದಳು.