ಸಾಕ್ಷಿಗಳನ್ನು ಕಾಯ್ದ ಪುಟ್ಟಗಂಗಮ್ಮ

ಪುಟ್ಟಗಂಗಮ್ಮನವರಿಗೆ ಸಿಟ್ಟು ಬಂದರೆ ಮೊದಲು ಸೆರಗು ಸೊಂಟಕ್ಕೆ ಹೋಗುತ್ತಿತ್ತು. ಸೆರಗು ಸಿಕ್ಕಿಸಿದರೆಂದರೆ ಕೋರ್ಟಿನ ಆವರಣದಲ್ಲಿ ವಕೀಲರೂ ಪಕ್ಕಕ್ಕೆ ಸರಿಯುತ್ತಿದ್ದರು. ನಾನು ಅವರನ್ನು ಮೊದಲು ಕಂಡದ್ದೇ ಹಾಗೆ. ವರಾಂಡದಲ್ಲಿದ್ದದ್ದು ಒಂದೇ ಬೆಂಚು. ಅದರ ಮೇಲೆ ಜಾಮೀನಿನಲ್ಲಿದ್ದ ಇಬ್ಬರು ಆರೋಪಿಗಳು ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರ ಮೇಲೆ ಸಾಕ್ಷಿ ಹೇಳಲು ಬಂದ ಮುದುಕಿ ಗೋಡೆಗೊರಗಿ ನಿಂತಿದ್ದಳು.

"ಏಳ್ರೀ ಮೇಲಕ್ಕೆ," ಎಂದರು ಪುಟ್ಟಗಂಗಮ್ಮ.

"ಯಾಕಮ್ಮ, ಬೆಂಚು ನಿಮ್ಮಪ್ಪಂದಾ?"

"ಸರ್ಕಾರದ್ದು. ಈಯಮ್ಮ ಸರ್ಕಾರದ ಸಾಕ್ಷಿ. ಏಳಿ."

ಇಬ್ಬರೂ ಎದ್ದರು. ಮುದುಕಿಗೆ ಕೂರಲು ಹೆದರಿಕೆ. ಪುಟ್ಟಗಂಗಮ್ಮ ಅವಳ ಭುಜ ಹಿಡಿದು ಕೂರಿಸಿ, ಹೊರಗೆ ಬಂದು, ಯಾರಿಗೂ ಅಲ್ಲದಂತೆ ಗಟ್ಟಿಯಾಗಿ ಹೇಳಿದರು: "ಕಳ್ರಿಗೆ ಕುರ್ಚಿ, ಕಂಡೋರಿಗೆ ಬಿಸಿಲು."

ಕೋರ್ಟಿದ್ದ ಊರಿನ ಹೆಸರು ಹೇಳುವುದಿಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯದು ಎಂದರೆ ಸಾಕು. ಸಾವಿರದ ಒಂಬೈನೂರ ಎಪ್ಪತ್ತೊಂಬತ್ತರಲ್ಲಿ ನಾನು ಅಲ್ಲಿನ ಸರ್ಕಾರಿ ವಕೀಲರ ಕಚೇರಿಗೆ ಟೈಪಿಸ್ಟಾಗಿ ಸೇರಿದೆ. ಪೊಲೀಸರು ಹಾಕಿದ ಕೇಸುಗಳನ್ನು ಕೋರ್ಟಿನಲ್ಲಿ ನಡೆಸುವುದು ಆ ವಕೀಲರ ಕೆಲಸ. ಕಚೇರಿ ಎಂದರೆ ಒಂದು ಕೋಣೆ, ಎರಡು ಮೇಜು, ಕಟ್ಟು ಕಟ್ಟು ಕಾಗದ. ವಕೀಲರ ಹೆಸರು ತೋಂಟದಾರ್ಯ. ಕೆಟ್ಟವರಲ್ಲ. ಲಂಚ ಮುಟ್ಟುತ್ತಿರಲಿಲ್ಲ, ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ದನಿ ಏರಿಸಬೇಕಾದಲ್ಲಿಯೂ ಏರಿಸುತ್ತಿರಲಿಲ್ಲ ಎನ್ನುವುದು ಮಾತ್ರ ಅವರ ತೊಂದರೆ.

ಪುಟ್ಟಗಂಗಮ್ಮ ಅಲ್ಲಿ ಅಟೆಂಡರ್. ಗಂಡ ಹುಚ್ಚರಂಗಯ್ಯ ಅದೇ ಕೋರ್ಟಿಗೆ ಬರುತ್ತಿದ್ದ ಪೊಲೀಸ್ ಪೇದೆ, ಸಾಕ್ಷಿಗಳನ್ನು ಕರೆತಂದು ಒಪ್ಪಿಸುವುದು ಅವರ ಪಾಲಿನ ಕೆಲಸವಾಗಿತ್ತು. ಕಾಮಾಲೆಯಾಗಿ ತೀರಿಕೊಂಡ ಮೇಲೆ ಹೆಂಡತಿಗೆ ಈ ನೌಕರಿ ಕೊಟ್ಟರು. ಮಕ್ಕಳಿರಲಿಲ್ಲ. ಕಸ ಗುಡಿಸುವುದು, ನೀರು ತುಂಬುವುದು, ಕೇಸಿನ ಕಟ್ಟು ಹೊತ್ತು ಕೋರ್ಟ್ ಹಾಲಿಗೆ ಒಯ್ಯುವುದು, ಸರ್ಕಾರ ಹೇಳಿದ್ದು ಇಷ್ಟೇ. ಸಾಕ್ಷಿಗಳನ್ನು ನೋಡಿಕೊಳ್ಳುವ ಕೆಲಸವನ್ನು ಆಕೆ ತಾನಾಗಿ ಮೈಮೇಲೆ ಹಾಕಿಕೊಂಡದ್ದು. ಒಮ್ಮೆ ನನಗೆ ಹೇಳಿದ್ದರು: "ನಮ್ಮನೆಯವರು 'ಇವತ್ತಿಲ್ಲ, ಹೋಗಿ ಬನ್ನಿ' ಅಂತ ಹೇಳಿ ಹೇಳಿನೇ ಸೋತ್ಹೋದ್ರು ಕಣಪ್ಪ. ಮನೆಗೆ ಬಂದು ಉಣ್ಣೋಕೆ ಕುಂತ್ರೆ ಆ ಮುಖಗಳೇ ಕಣ್ಮುಂದೆ ಬತ್ತಾವೆ ಅನ್ನೋರು. ನಾನು ಮಾತ್ರ ಆ ಮಾತು ಹೇಳಲ್ಲ."

ಹೇಳದೆ ಇರುವುದು ಅವರ ಕೈಲಿರಲಿಲ್ಲ. ಅದನ್ನು ರಾಮಲಕ್ಷ್ಮಿಯ ಕೇಸು ತೋರಿಸಿತು.

ಕಂದಿಕೆರೆ ಕಡೆಯ ಒಂದು ಹಳ್ಳಿಯ ಪಕ್ಕ ಸದಾಶಿವಯ್ಯ ಎಂಬ ತೋಟದ ಸಾಹುಕಾರರ ನಾರಿನ ಫ್ಯಾಕ್ಟರಿ ಇತ್ತು. ನೆನೆಸಿದ ತೆಂಗಿನ ಸಿಪ್ಪೆಯನ್ನು ಮುಳ್ಳಿನ ಉರುಳೆಯೊಳಗೆ ಕೊಟ್ಟರೆ ಅದು ಸಿಗಿದು ನಾರು ಮಾಡಿ ಆಚೆ ಎಸೆಯುತ್ತದೆ. ಉರುಳೆಯ ಮೇಲೆ ಕಬ್ಬಿಣದ ಮುಚ್ಚಳವಿರಬೇಕು. ಸಿಪ್ಪೆ ಸಿಕ್ಕಿಕೊಂಡಾಗಲೆಲ್ಲ ಮುಚ್ಚಳ ಬಿಚ್ಚಿ ಹಾಕುವುದು ಹೊತ್ತು ತಿನ್ನುತ್ತದೆಂದು ಸದಾಶಿವಯ್ಯ ಅದನ್ನು ತೆಗೆಸಿ ಮೂಲೆಗೆ ಹಾಕಿಸಿದ್ದರು. ಹದಿನೇಳರ ಹುಡುಗಿ ರಾಮಲಕ್ಷ್ಮಿಯ ಬಲಗೈ ಸಿಪ್ಪೆಯ ಜೊತೆ ಒಳಗೆ ಹೋಯಿತು. ಆಸ್ಪತ್ರೆಯಲ್ಲಿ ಮೊಣಕೈವರೆಗೆ ತೆಗೆದರು.

ಕಂಡವರು ಇಬ್ಬರು. ಪಕ್ಕದ ಮಿಷನ್ನಿಗೆ ಸಿಪ್ಪೆ ಕೊಡುತ್ತಿದ್ದ ಭೂತಮ್ಮ, ಓಡಿ ಹೋಗಿ ಮೋಟಾರು ನಿಲ್ಲಿಸಿದ ಮಾಯಣ್ಣ. ಮುಚ್ಚಳ ಇರಲಿಲ್ಲ, ಹಾಕಿಸಿ ಎಂದು ಕೇಳಿದ್ದೆವು, ಸಾಹುಕಾರರು ಬೈದು ಕಳಿಸಿದ್ದರು ಎಂದು ಇಬ್ಬರೂ ಪೊಲೀಸರಿಗೆ ಹೇಳಿಕೆ ಕೊಟ್ಟಿದ್ದರು. ಅಷ್ಟು ಸ್ಪಷ್ಟವಾದ ಕೇಸು.

ಕೇಸು ಮೊದಲ ಸಲ ಬಂದಾಗ ಆರೋಪಿ ಸದಾಶಿವಯ್ಯನವರ ವಕೀಲರು ಬರಲಿಲ್ಲ. ಎರಡನೆಯ ಸಲ ಮ್ಯಾಜಿಸ್ಟ್ರೇಟರು ರಜೆ. ಮತ್ತೊಂದು ಸಲ ಸದಾಶಿವಯ್ಯನವರಿಗೆ ಎದೆನೋವೆಂದು ಡಾಕ್ಟರ ಚೀಟಿ ಬಂತು. ಆವತ್ತೇ ಅವರು ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡುತ್ತಿದ್ದದ್ದನ್ನು ನಾವೆಲ್ಲ ನೋಡಿದೆವು. ಪ್ರತಿ ಸಲವೂ ಭೂತಮ್ಮ, ಮಾಯಣ್ಣ ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬರುತ್ತಿದ್ದರು. ಸಂಜೆಯವರೆಗೆ ಕಾಯುತ್ತಿದ್ದರು. ಕರೆದು ಹೇಳುವವರು ಪುಟ್ಟಗಂಗಮ್ಮನೇ: ಇವತ್ತಿಲ್ಲ. ಹೇಳಿ ಒಳಗೆ ಬಂದು ನೀರಿನ ಬಿಂದಿಗೆಯನ್ನು ನೆಲಕ್ಕೆ ಕುಕ್ಕುತ್ತಿದ್ದರು.

ಹಾಗೆ ಒಂದು ಸಂಜೆ ಹಳ್ಳಿಯ ಕಡೆ ಹೋಗುವ ಕೊನೆಯ ಬಸ್ಸು ತಪ್ಪಿತು. ಕೋರ್ಟಿನ ಗೇಟಿನ ಹತ್ತಿರ ಸದಾಶಿವಯ್ಯನವರ ವ್ಯಾನು ನಿಂತಿತು. "ಬನ್ರಮ್ಮ, ನಮ್ಮೂರೋರೇ ಅಲ್ವಾ, ಹಗೆ ಏನಿದೆ," ಎಂದು ಅವರೇ ಬಾಗಿಲು ತೆಗೆದರು. ಹತ್ತದೆ ಏನು ಮಾಡಿಯಾರು. ಆ ಮುಂದಿನ ಸಲ ಬೆಳಿಗ್ಗೆ ಇಬ್ಬರೂ ಅದೇ ವ್ಯಾನಿನಿಂದಲೇ ಇಳಿದರು. ಸಾಹುಕಾರರು ಅವರನ್ನು ಹೋಟೆಲಿಗೆ ಕರೆದೊಯ್ದು ದೋಸೆ ಕೊಡಿಸಿದರು.

ಪುಟ್ಟಗಂಗಮ್ಮ ಅದನ್ನು ಕಂಡವರೇ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದರು.

"ಸಾರ್, ಕೈ ಕತ್ತರಿಸಿದೋನ ಗಾಡೀಲಿ ನಮ್ ಸಾಕ್ಷಿಗಳು ಬತ್ತಾವ್ರೆ."

ತೋಂಟದಾರ್ಯ ಕನ್ನಡಕ ತೆಗೆದು ಒರೆಸಿದರು. "ನಾವೇನು ಮಾಡೋದಮ್ಮ? ನಮ್ಮ ಹತ್ತಿರ ಗಾಡಿ ಇದೆಯೇ?"

"ಜಡ್ಜಿಗೆ ಹೇಳಿ."

"ಗಾಡೀಲಿ ಕೂರಿಸ್ಕೊಂಡ ಅಂತ ದೂರು ಹೇಳೋಕಾಗುತ್ತಾ? ಸಾಕ್ಷಿ ಹಾಳು ಮಾಡಿದಾನೆ ಅಂತ ತೋರಿಸ್ಬೇಕು."

"ದೋಸೆ ತಿನ್ಸಿದ್ದು ಇನ್ಯಾತಕ್ಕೆ ಸಾರ್? ಪುಣ್ಯಕ್ಕಾ?"

ತೋಂಟದಾರ್ಯ ಕನ್ನಡಕ ಹಾಕಿಕೊಂಡು ಕಾಗದದ ಕಟ್ಟು ಬಿಚ್ಚಿದರು. ಕೇಸು ಆವತ್ತೂ ಮುಂದಕ್ಕೆ ಹೋಯಿತು.

ಮುಂದಿನ ತಾರೀಖಿನ ಹಿಂದಿನ ದಿನ ಪುಟ್ಟಗಂಗಮ್ಮ ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದರು. ಯಾರನ್ನೂ ಕೇಳಲಿಲ್ಲ. ಹಳ್ಳಿಯಲ್ಲಿ ಮೊದಲು ಮಾಯಣ್ಣನ ಮನೆಗೆ ಹೋದರು. ಅವನು ಹಟ್ಟಿಯ ಬಾಗಿಲಲ್ಲಿ ಹಗ್ಗ ಹೊಸೆಯುತ್ತ ತಲೆ ಎತ್ತಲಿಲ್ಲ.

"ನಾನು ನಾಳೆ ಅವ್ರ ವ್ಯಾನಲ್ಲೇ ಬತ್ತೀನಿ ಕಣಮ್ಮ. ನಂಗೆ ಅದೇ ಫ್ಯಾಕ್ಟರೀಲಿ ಕೆಲ್ಸ. ನೀವು ಕೆಲ್ಸ ಕೊಡ್ತೀರಾ?"

"ಕಂಡಿದ್ದು ಕಂಡಂಗೆ ಹೇಳ್ತೀಯೋ ಇಲ್ವೋ?"

"ನೋಡನ ಬುಡಿ."

ಭೂತಮ್ಮ ಬಂದರು. ಬೀಗ ಹಾಕಿ, ಆಡನ್ನು ಪಕ್ಕದ ಮನೆಗೆ ಒಪ್ಪಿಸಿ, ಒಂದು ಸೀರೆ ಸುತ್ತಿಕೊಂಡು ಹೊರಟೇಬಿಟ್ಟರು. "ಆ ವ್ಯಾನಲ್ಲಿ ಕುಂತಾಗ ಮೈಯೆಲ್ಲ ಹುಳ ಹರ್ದಂಗಾಯ್ತಿತ್ತು ಗಂಗಮ್ಮಾರೆ. ಆ ಹುಡ್ಗಿ ಮನೆ ಮುಂದೇನೇ ಹೋಗೋದು ಅದು," ಎಂದರಂತೆ ದಾರಿಯಲ್ಲಿ. ಅಂದು ಪುಟ್ಟಗಂಗಮ್ಮನವರ ಮನೆಯಲ್ಲೇ ಉಂಡು ಮಲಗಿದರು. ಕೇಸಿನ ಮಾತು ಆಡಲಿಲ್ಲ ಎಂದು ಇಬ್ಬರೂ ಆಮೇಲೆ ನನಗೆ ಹೇಳಿದ್ದಾರೆ. ಭೂತಮ್ಮನಿಗೆ ಪ್ರಯಾಣದ ಸುಸ್ತು, ಮುದ್ದೆ ಉಂಡವರೇ ನಿದ್ದೆ ಹೋಗಿದ್ದರು.

ಮರುದಿನ ಕೇಸು ಕೊನೆಗೂ ನಡೆಯಿತು. ಮಾಯಣ್ಣ ಕಟಕಟೆ ಹತ್ತಿ, ತಾನು ಆಗ ನೀರು ಕುಡಿಯಲು ಹೋಗಿದ್ದೆ, ಏನೂ ಕಾಣಲಿಲ್ಲ, ಪೊಲೀಸರು ಏನು ಬರೆದುಕೊಂಡರೋ ಗೊತ್ತಿಲ್ಲ ಎಂದ. ತಲೆ ತಗ್ಗಿಸಿಕೊಂಡೇ ಇಳಿದು ಹೋದ.

ಭೂತಮ್ಮ ಹೇಳಿಕೆಯಲ್ಲಿದ್ದದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಆಗ ಸದಾಶಿವಯ್ಯನವರ ವಕೀಲರು ಎದ್ದರು. ಮಿಷನ್ನಿನ ವಿಷಯವನ್ನೇ ಕೇಳಲಿಲ್ಲ.

"ನಿನ್ನೆ ಎಲ್ಲಿ ಮಲಗಿದ್ದೆ?"

"ಪುಟ್ಟಗಂಗಮ್ಮಾರ ಮನೇಲಿ."

"ಅವರು ಯಾರು?"

"ಅಗೋ, ಅಲ್ಲಿ ನಿಂತವ್ರಲ್ಲ. ಸರ್ಕಾರಿ ವಕೀಲ್ರ ಆಫೀಸ್ನೋರು."

"ಊಟ ಹಾಕಿ, ಹಾಸಿಗೆ ಕೊಟ್ಟು, ಕೋರ್ಟಿನಲ್ಲಿ ಏನು ಹೇಳಬೇಕು ಅಂತ ಹೇಳಿಕೊಟ್ಟು ಕರಕೊಂಡು ಬಂದರು. ಅಲ್ಲವೇ?"

"ಹೇಳ್ಕೊಡೋಕೆ ಅವ್ರೇನು ಮಿಷನ್ ಹತ್ರ ಇದ್ರಾ ಸ್ವಾಮಿ? ಇದ್ದೋಳು ನಾನು. ಹೋದ್ಸಲ ನಿಮ್ ಸಾವ್ಕಾರ್ರೇ ವ್ಯಾನಲ್ಲಿ ಕರ್ಕಂಬಂದ್ರು, ದೋಸೆ ಕೊಡ್ಸಿದ್ರು. ಆವತ್ತು ನೀವು ಕೇಳ್ಲಿಲ್ಲ."

ಹಾಲಿನಲ್ಲಿ ಯಾರೋ ನಕ್ಕರು. ಮ್ಯಾಜಿಸ್ಟ್ರೇಟರು, "ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಮ್ಮ," ಎಂದರು. ಮಲಗಿದ್ದು, ಉಂಡದ್ದು ದಾಖಲಾಯಿತು. ವ್ಯಾನು ಆಗಲಿಲ್ಲ. ಅದನ್ನು ದಾಖಲಿಸಿಕೊಳ್ಳಿ ಎಂದು ತೋಂಟದಾರ್ಯ ಎದ್ದು ಕೇಳಬಹುದಿತ್ತು, ಮರುಪ್ರಶ್ನೆ ಹಾಕಬಹುದಿತ್ತು. ಕುರ್ಚಿಯಿಂದ ಅರ್ಧ ಎದ್ದರು. ಮ್ಯಾಜಿಸ್ಟ್ರೇಟರ ಮುಖ ನೋಡಿದರು. ಕೂತರು.

ಕಚೇರಿಗೆ ಬಂದ ಮೇಲೆ ಪುಟ್ಟಗಂಗಮ್ಮ ಕೇಸಿನ ಕಟ್ಟನ್ನು ಮೇಜಿನ ಮೇಲೆ ಇಟ್ಟದ್ದಲ್ಲ, ಬಿಸಾಡಿದರು. ಧೂಳೆದ್ದಿತು.

"ಯಾಕ್ ಕುಂತ್ಕಂಡ್ರಿ ಸಾರ್?"

"ಅವರು ಆಗಲೇ ರೇಗಿದ್ರು ಕಣಮ್ಮ. ಇನ್ನೂ ಕೆಣಕಿದ್ರೆ ಕೇಸಿಗೇ ಪೆಟ್ಟು."

"ಇನ್ನು ಯಾವ ಪೆಟ್ಟು ಬೀಳ್ಬೇಕು ಅದಕ್ಕೆ?"

ತೀರ್ಪು ಬಂತು. ಒಬ್ಬ ಸಾಕ್ಷಿ ತಿರುಗಿಬಿದ್ದಿದ್ದಾನೆ, ಇನ್ನೊಬ್ಬಳು ಸರ್ಕಾರಿ ವಕೀಲರ ಕಚೇರಿಯವರ ಆಶ್ರಯದಲ್ಲಿದ್ದು ಬಂದವಳಾದ್ದರಿಂದ ಆಕೆಯ ಮಾತನ್ನು ನಂಬುವಂತಿಲ್ಲ. ಸಂಶಯದ ಲಾಭ ಆರೋಪಿಗೆ. ಸದಾಶಿವಯ್ಯ ಹೊರಗೆ ಬಂದು ಎಲ್ಲರಿಗೂ ಕೈ ಮುಗಿದರು. ಪುಟ್ಟಗಂಗಮ್ಮನಿಗೂ ಮುಗಿದರು.

ಅದಾದ ವಾರದೊಳಗೆ ಆಕೆಗೆ ಮೇಲಿನಿಂದ ಮೆಮೋ ಬಂತು: ಸಾಕ್ಷಿಯನ್ನು ಮನೆಯಲ್ಲಿ ಇಟ್ಟುಕೊಂಡದ್ದೇಕೆ, ಉತ್ತರ ಕೊಡತಕ್ಕದ್ದು. ಉತ್ತರ ಟೈಪು ಮಾಡಿಸಲು ನನ್ನ ಮುಂದೆ ಕೂತರು. ವಾಡಿಕೆಯಂತೆ ತಿಳಿಯದೆ ಆದ ತಪ್ಪು, ಕ್ಷಮಿಸಬೇಕು ಎಂದು ಶುರು ಮಾಡಿದ್ದೆ. "ತಗಿ ಆ ಕಾಗ್ದ," ಎಂದರು. "ಸಾಕ್ಷಿಗೆ ಮಲಗೋಕೆ ಸರ್ಕಾರ ಜಾಗ ಕೊಡ್ಲಿಲ್ಲ, ನಾನು ಕೊಟ್ಟೆ. ಅಷ್ಟೇ ಹೊಡಿ." ಅಷ್ಟೇ ಹೊಡೆದೆ. ಮೇಲ್ಮನವಿ ಹಾಕಬೇಕೆಂದು ತೋಂಟದಾರ್ಯ ಬರೆದದ್ದಕ್ಕೂ ಮೇಲಿನಿಂದ ಉತ್ತರ ಬಂತು. ಹಾಕುವಂತಹ ಕೇಸಲ್ಲವಂತೆ.

ಇಷ್ಟೆಲ್ಲ ಆದರೂ ರಾಮಲಕ್ಷ್ಮಿಗೆ ಯಾರೂ ಏನೂ ತಿಳಿಸಿರಲಿಲ್ಲ. ತಿಳಿಸಬೇಕೆಂಬ ನಿಯಮವೇ ಇರಲಿಲ್ಲ. ಮುಂದಿನ ರಜಾದಿನ ಪುಟ್ಟಗಂಗಮ್ಮ ತಾವೇ ಹೊರಟರು. ಈ ಸಲ ನಾನೂ ಜೊತೆಗೆ ಹೋದೆ. ಹುಡುಗಿ ಜಗಲಿಯ ಮೇಲೆ ಎಡಗೈಯಲ್ಲಿ ಅವರೆಕಾಯಿ ಸುಲಿಯಲು ಒದ್ದಾಡುತ್ತಿದ್ದಳು. ಕಾಯನ್ನು ಕಾಲ ಬೆರಳಲ್ಲಿ ಒತ್ತಿ ಹಿಡಿದಿದ್ದಳು.

"ಬುಟ್ಬುಟ್ರು ಅವ್ನ," ಎಂದರು ಪುಟ್ಟಗಂಗಮ್ಮ, ಬೇರೆ ಮಾತಿಲ್ಲದೆ.

ರಾಮಲಕ್ಷ್ಮಿ ಕಾಯನ್ನು ಬದಿಗಿಟ್ಟು, "ಮುಚ್ಳನೂ ತೆಗ್ದವ್ರಂತೆ ತಿರ್ಗ," ಎಂದಳು. "ಕೇಸ್ ನಡೆಯೋಗಂಟ ಹಾಕ್ಸಿದ್ರು. ಈಗ ನನ್ ಜಾಗದಲ್ಲಿ ಚಿಕ್ಕಗೌರಿ ಕುಂತವ್ಳೆ."

ಪುಟ್ಟಗಂಗಮ್ಮ ಅಲ್ಲಿಂದ ಎದ್ದು ಹೋದದ್ದು ನೇರ ಫ್ಯಾಕ್ಟರಿಗೆ. ನಾನು ಹಿಂದೆ ಓಡಿದೆ. ಬೇಡ ಎಂದೆನೋ ಇಲ್ಲವೋ ನೆನಪಿಲ್ಲ. ಒಳಗೆ ಮಿಷನ್ನುಗಳ ಸದ್ದಿಗೆ ಕಿವಿ ಕೇಳುತ್ತಿರಲಿಲ್ಲ. ಹೊಗೆಯಂತೆ ಸಿಪ್ಪೆಯ ಧೂಳು. ಬಾಯಿ ತೆರೆದ ಉರುಳೆಯ ಮುಂದೆ, ಇನ್ನೂ ಲಂಗ ಉಡುವ ವಯಸ್ಸಿನ ಹುಡುಗಿ ಸಿಪ್ಪೆ ಕೊಡುತ್ತಿದ್ದಳು. ಪುಟ್ಟಗಂಗಮ್ಮ ಗೋಡೆಯ ಹತ್ತಿರ ಹೋಗಿ ಮೋಟಾರಿನ ಸ್ವಿಚ್ಚು ಕೆಳಕ್ಕೆಳೆದರು. ಉರುಳೆ ನಿಧಾನವಾಗಿ ನಿಂತಿತು.

"ಮುಚ್ಳ ಹಾಕೋಗಂಟ ಯಾರೂ ಮುಟ್ಬ್ಯಾಡ್ರಿ," ಎಂದರು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾಕ್ಷಿ ಹೇಳಿದ್ದಕ್ಕೆ ಭೂತಮ್ಮನನ್ನು ಕೆಲಸದಿಂದ ತೆಗೆದಿದ್ದರು. ಸುದ್ದಿ ಕೇಳಿ ಅವರೂ ಬಂದು ಚಿಕ್ಕಗೌರಿಯ ಕೈ ಹಿಡಿದು ಮಿಷನ್ನಿನಿಂದ ಎಬ್ಬಿಸಿದರು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ಎದ್ದು ಸಿಪ್ಪೆಯ ರಾಶಿಯ ಮೇಲೆ ಹೋಗಿ ಕೂತರು. ಮಾಯಣ್ಣ ಸ್ವಿಚ್ಚಿನ ಪಕ್ಕದಲ್ಲೇ ನಿಂತಿದ್ದ. ಅದನ್ನು ಮೇಲಕ್ಕೆ ತಳ್ಳಲಿಲ್ಲ.

ಸದಾಶಿವಯ್ಯ ಬಂದರು. "ಯಾರಮ್ಮ ನೀನು, ನನ್ನ ಫ್ಯಾಕ್ಟರೀಲಿ ಬಂದು ದರ್ಬಾರ್ ಮಾಡೋಳು? ಇದೇನು ನಿನ್ನ ಕೋರ್ಟಾ?"

"ಕೋರ್ಟಲ್ಲ. ಕೋರ್ಟಲ್ಲಿ ಆಗ್ಲಿಲ್ಲ ಅಂತ್ಲೇ ಇಲ್ಲಿಗೆ ಬಂದೆ."

"ನಿನ್ನ ಕೆಲಸ ತೆಗೆಸ್ತೀನಿ."

"ತೆಗ್ಸಿ. ಮೊದ್ಲು ಮುಚ್ಳ ಹಾಕ್ಸಿ."

ಅವರು ಕೂಗಾಡಿದರು, ಹೆಂಗಸರನ್ನು ಹೆಸರು ಹಿಡಿದು ಬೈದರು. ಯಾರೂ ಏಳಲಿಲ್ಲ. ನೆನೆಸಿ ತೆಗೆದ ಸಿಪ್ಪೆ ಒಣಗುತ್ತಿತ್ತು, ಹೊರಗೆ ನಾರು ತುಂಬಲು ಬಂದ ಲಾರಿಯ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಸಾಹುಕಾರರು ಮಾಯಣ್ಣನ ಕಡೆ ತಿರುಗಿ, "ಹಾಕ್ಲಾ ಅದನ್ನ," ಎಂದರು. ಮಾಯಣ್ಣ ಮೂಲೆಯಿಂದ ಮುಚ್ಚಳ ಎತ್ತಿ ತಂದು ಬೋಲ್ಟು ಬಿಗಿದ. ಪ್ರತಿಯೊಂದು ಬೋಲ್ಟನ್ನೂ ಪುಟ್ಟಗಂಗಮ್ಮ ಕೈಯಿಂದ ಅಲ್ಲಾಡಿಸಿ ನೋಡಿದರು. ಆ ಮುಚ್ಚಳವನ್ನು ಮತ್ತೆ ಯಾರೂ ಬಿಚ್ಚಲಿಲ್ಲ ಎಂದು ಕೇಳಿದ್ದೇನೆ. ಬಿಚ್ಚಲು ಹೋದರೆ ಹೆಂಗಸರು ಎದ್ದುಬಿಡುತ್ತಿದ್ದರಂತೆ. ರಾಮಲಕ್ಷ್ಮಿಗೆ ಮಾತ್ರ ಸಾಹುಕಾರರಿಂದಾಗಲಿ ಸರ್ಕಾರದಿಂದಾಗಲಿ ಏನೂ ಸಿಗಲಿಲ್ಲ.

ಸದಾಶಿವಯ್ಯ ಸುಮ್ಮನಿರಲಿಲ್ಲ. ಕೆಲಸ ತೆಗೆಸಲು ಆಗಲಿಲ್ಲ, ಪುಟ್ಟಗಂಗಮ್ಮನನ್ನು ದೂರದ ಜಿಲ್ಲೆಗೆ ವರ್ಗ ಮಾಡಿಸಿದರು. ಹೊರಡುವ ದಿನ ಕಚೇರಿಯಲ್ಲಿ ಟೀ ತರಿಸಿದೆವು. ಪುಟ್ಟಗಂಗಮ್ಮ ಕುಡಿಯಲಿಲ್ಲ. ತೋಂಟದಾರ್ಯ ಬಸ್ ಸ್ಟ್ಯಾಂಡಿನವರೆಗೆ ಬಂದರು, ಟ್ರಂಕಿನ ಒಂದು ಹಿಡಿ ತಾವೇ ಹಿಡಿದುಕೊಂಡಿದ್ದರು.

"ಹೊಸ ಜಾಗದಲ್ಲಾದರೂ ಸ್ವಲ್ಪ ತಾಳ್ಮೆಯಿಂದಿರಿ," ಎಂದರು. "ಇಷ್ಟೊಂದು ಕೋಪ ಯಾಕಮ್ಮ ನಿಮಗೆ?"

"ನಿಮಗ್ಯಾಕೆ ಬರಲ್ಲ ಸಾರ್? ಅದನ್ನ ಹೇಳಿ ನೀವು."

ತೋಂಟದಾರ್ಯ ಟ್ರಂಕನ್ನು ಕಂಡಕ್ಟರ್ ಕೈಗೆ ಕೊಟ್ಟರು. ಬಸ್ಸು ಹೊರಟಿತು. ಪುಟ್ಟಗಂಗಮ್ಮ ನಮ್ಮ ಕಡೆ ತಿರುಗಿಯೂ ನೋಡಲಿಲ್ಲ. ಕಿಟಕಿಯ ಪಕ್ಕ ಕೂತ ಯಾರೊಡನೆಯೋ ಆಗಲೇ ಜಗಳ ಶುರುವಾದಂತಿತ್ತು.