ಶೇವಂತಾ ಉಜ್ಜದೆ ಬಿಟ್ಟ ಬೆಸುಗೆ

ಬೋರಗಾಂವದಲ್ಲಿ ಪವರ್‌ಲೂಮಿನ ಗಾಲಿ ಮುರಿದರೆ ಶೇವಂತಾಳ ವೆಲ್ಡಿಂಗ್ ಅಂಗಡಿಗೆ ಬರುತ್ತದೆ. ಗಂಡ ಭರಮುವಿನ ಕಣ್ಣು ಮಂಜಾದ ಮೇಲೆ, ಅವನು ಪಕ್ಕದಲ್ಲಿ ಕೂತು ಹೇಳಿಕೊಟ್ಟಂತೆ ಅವಳು ಕೆಲಸ ಕಲಿತಳು. ಹನ್ನೊಂದು ವರ್ಷವಾಯಿತು. ಬೆಸುಗೆಯ ಗುರುತೇ ಉಳಿಯದಂತೆ ಉಜ್ಜಿ ಕೊಡುವುದು ಅವಳ ಹೆಮ್ಮೆ.

ಹೋದ ವರ್ಷ ನಿಪ್ಪಾಣಿಯ ಚಿತ್ರಕಲಾ ಶಿಕ್ಷಕಿ ಮಯೂರಿ ಒಂದು ಟೆಂಪೋ ಗುಜರಿ ತಂದು ಇಳಿಸಿದಳು. ಹಳೆಯ ಮಗ್ಗದ ಹಲ್ಲುಗಾಲಿ, ಬಾಗಿದ ಕಬ್ಬಿಣದ ಸರಳು, ಪಟ್ಟಿಗಳು. ಕಾಗದದ ಚಿತ್ರ ತೋರಿಸಿ, ಹೀಗೆ ಬೆಸೆಯಬೇಕು ಎಂದಳು.

ಶೇವಂತಾ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇದು ಏನ್ರಿ ಬಾಯಾರ? ನವಿಲೇನು?"

"ಯಾವುದರ ಗೊಂಬಿನೂ ಅಲ್ಲಕ್ಕಾ. ಬರೇ ಆಕಾರ."

"ಹಂಗೂ ಮಾಡ್ತಾರೇನ್ರಿ?"

ಮಯೂರಿ ಫೋನಿನಲ್ಲಿದ್ದ ಒಂದು ಹಳೆಯ ಫೋಟೋ ತೋರಿಸಿದಳು. "ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಹೊರದೇಶದಾಗ ಭಾಳ ಮಂದಿ ಹಿಂಗ ಗುಜರಿ ಬೆಸದಾರ."

ಶೇವಂತಾ ಎರಡು ಬೆರಳಲ್ಲಿ ಫೋಟೋ ಹಿಗ್ಗಿಸಿದಳು. "ನೋಡ್ರಿ, ಇವರು ಬೆಸುಗಿ ಉಜ್ಜೇ ಇಲ್ಲ!"

"ನಮ್ಮದೂ ಉಜ್ಜಬ್ಯಾಡ್ರಿ."

ಮೊದಲ ದಿನವೇ ಬೆಸುಗೆಯ ಕಾವಿಗೆ ಹಲ್ಲುಗಾಲಿ ಟಕ್ಕೆಂದು ಸೀಳಿತು. ಸೀಳಿದ್ದು ಹಾಗೇ ಇರಲಿ ಎಂದಳು ಮಯೂರಿ. ಶೇವಂತಾ ಒಪ್ಪಲಿಲ್ಲ. "ಇದು ಬೀಡು ಕಬ್ಬಿಣ ಐತ್ರಿ, ಗಡಿಬಿಡಿ ತಡಕೊಳ್ಳೂದಿಲ್ಲ." ಗಾಲಿಯನ್ನು ಕೆಂಡದ ಮೇಲೆ ಕಾಯಿಸಿ, ಚೂರು ಚೂರೇ ಬೆಸೆದು, ನಿಧಾನ ಆರಲೆಂದು ಬೂದಿಯಲ್ಲಿ ಹೂತಿಟ್ಟಳು. ಮರುದಿನ ತೆಗೆದಾಗ ಗಟ್ಟಿಯಾಗಿ ಹಿಡಿದಿತ್ತು. ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಬೆಸುಗೆಯ ಮೇಲೆ ಬೆರಳಾಡಿಸುತ್ತ, ತಾನು ಇಷ್ಟು ವರ್ಷ ಇದನ್ನೇ ಉಜ್ಜಿ ಹಾಕುತ್ತಿದ್ದೆನಲ್ಲ ಎಂದುಕೊಂಡಳು.

ನಿಪ್ಪಾಣಿಯ ಶಾಲೆಯ ಅಂಗಳದಲ್ಲಿ ಅದನ್ನು ನಿಲ್ಲಿಸಿದ ಮೇಲೆ ಶೇವಂತಾ ಬಸ್ ಹತ್ತಿ ನೋಡಲು ಹೋದಳು. ನಾಲ್ಕು ಸುತ್ತು ಹಾಕಿದಳು. ಒಂದೊಂದು ಕಡೆಯಿಂದ ಒಂದೊಂದು ಥರ ಕಾಣುತ್ತಿತ್ತು. ಬಾಗಿಲ ಕಡೆಯಿಂದ ಮಾತ್ರ ಏನೋ ಸರಿಯಿಲ್ಲ.

"ಸಿಟ್ಟಾಗಬ್ಯಾಡ್ರಿ ಬಾಯಾರ. ಈ ಮ್ಯಾಲಿನ ಪಟ್ಟಿ ಒಂದ ಗೇಣು ಹೊರಗ ಹೋದ್ರ ಗಾಲಿಗೆ ಉಸಿರಾಡಾಕ ಜಾಗ ಸಿಗತೈತಿ."

ಮಯೂರಿ ಅವಳ ಪಕ್ಕದಲ್ಲಿ ಬಂದು ನಿಂತು ಬಹಳ ಹೊತ್ತು ನೋಡಿದಳು. "ಖರೇನ ಅಕ್ಕಾ. ನನಗ ಹೆಂಗ ಕಾಣಲಿಲ್ಲ?"

ರವಿವಾರ ಇಬ್ಬರೂ ಸೇರಿ ಪಟ್ಟಿ ಕತ್ತರಿಸಿ ಹೊರಗೆ ಸರಿಸಿದರು.

ಈಗ ಅಂಗಡಿಯ ಹಿಂದೆ ಶೇವಂತಾಳದೇ ಒಂದು ಆಕಾರ ಏಳುತ್ತಿದೆ. ಮೂರು ಸಲ ಕಿತ್ತು ಮತ್ತೆ ಬೆಸೆದಿದ್ದಾಳೆ. ಮೊನ್ನೆ ಭರಮು ಅದನ್ನು ಮೇಲಿಂದ ಕೆಳಗೆ ಕೈಯಿಂದ ಸವರಿ, "ಎಡಕ್ಕ ಭಾಳ ಭಾರ ಆಗೇತಿ ನೋಡು" ಎಂದ. ಅವಳು ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. ಆಮೇಲೆ ಎಡಗಡೆಯ ಒಂದು ತುಂಡು ಕತ್ತರಿಸಲೆಂದು ಗ್ರೈಂಡರ್ ತರಲು ಒಳಗೆ ಹೋದಳು.