ಹೊಳೆದಿಬ್ಬದ ಕೆಂಪಾಜಮ್ಮ

ಎಡತೊರೆ ಸೀಮೆಗೆ ಪ್ಲೇಗು ಕಾಲಿಟ್ಟ ವರ್ಷ, ಮಿರ್ಲೆಯ ಆಚೆಗಿದ್ದ ಹೊಳೆದಂಡೆಯ ಹಳ್ಳಿಯಲ್ಲಿ ಇಲಿಗಳು ಸತ್ತು ಬಿದ್ದವು. ಊರವರು ಕದ ಎಳೆದುಕೊಂಡು ಹೊಲಗಳಲ್ಲಿ ಗುಡಿಸಲು ಹಾಕಿದರು. ಗುಡಿಸಲುಗಳಲ್ಲೂ ಜ್ವರ ಕಾಣಿಸಿಕೊಂಡಾಗ ಕುರಿ ಕಾಯುವ ಸಣ್ಣಬೀರಯ್ಯ ತನ್ನ ಹೆಂಡತಿ ಕೆಂಪಾಜಮ್ಮನನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕಾವೇರಿಯ ನಡುವಿನ ದಿಬ್ಬಕ್ಕೆ ಕಳಿಸಿದ. ರೋಗ ನೀರು ದಾಟಲಾರದೆಂದು ಅವನ ನಂಬಿಕೆ. ಕುರಿ ಬಿಟ್ಟು ತಾನು ಬರುವಂತಿರಲಿಲ್ಲ.

“ಮಕ್ಕಳ ಮುಂದೆ ರೋಗದ ಮಾತೆತ್ತಬ್ಯಾಡ ಕಣೆ,” ಎಂದ, ಹರಿಗೋಲು ಹತ್ತಿಸುವಾಗ. “ನೆಂಟರ ಮನೆಗೆ ಓದಂಗಿರ್ಲಿ.”

ಕೆಂಪಾಜಮ್ಮ ಹಾಗೇ ನಡೆದುಕೊಂಡಳು. ಕಳೆ ಕೀಳುವುದು, ರಾಗಿ ಬೀಸುವುದು ಬಿಟ್ಟು ಬೇರೇನೂ ಕಾಣದ ಹೆಂಗಸು ಅಲ್ಲಿ ಮಕ್ಕಳೊಂದಿಗೆ ಮಗುವಾದಳು. ಬೆಳಗಾದರೆ ಮೂವರೂ ಬಂಡೆಯ ಮರೆಯಲ್ಲಿ ಕೂತು ನೀರುನಾಯಿಗಳು ಮೀನು ಕಚ್ಚಿಕೊಂಡು ಮೇಲೇಳುವುದನ್ನು ನೋಡುವರು. ಬಿಸಿಲೇರಿದರೆ ಅತ್ತಿಮರಕ್ಕೆ ಹಗ್ಗ ಬಿಗಿದು ಉಯ್ಯಾಲೆ. ಮರಳು ತೋಡಿದಲ್ಲಿ ತಿಳಿನೀರು ಒಸರಿದರೆ ಸಣ್ಣವಳು ಮರಮ್ಮ ಅದಕ್ಕೆ ಕಪ್ಪೆಚಿಪ್ಪಿನ ಕಟ್ಟೆ ಕಟ್ಟುವಳು. ಸೆರಗಿಗೆ ಸಿಕ್ಕ ಮೀನನ್ನು ಮೂರು ಕಲ್ಲಿನ ಒಲೆಯಲ್ಲಿ ಸುಟ್ಟು ತಿನ್ನುವರು. ಸಂಜೆ ಆಚೆ ದಡದಲ್ಲಿ ಸಣ್ಣಬೀರಯ್ಯ ಕೂಗು ಹಾಕಿದರೆ ಮಕ್ಕಳು ಅಂದು ಕಂಡದ್ದನ್ನೆಲ್ಲ ಕಿರುಚಿ ಒಪ್ಪಿಸುವರು.

ಒಂದು ಸಂಜೆ ಕೂಗು ಕೇಳಲಿಲ್ಲ. ಮಾರನೆಯ ಸಂಜೆಯೂ ಇಲ್ಲ. ಕುರಿ ಮೇಯಿಸಲು ದೂರ ಹೋಗಿದ್ದಾನೆಂದು ಕೆಂಪಾಜಮ್ಮ ಮಕ್ಕಳಿಗೆ ಹೇಳಿದಳು.

ಮರುದಿನ ರಾಗಿಹಿಟ್ಟು ತಂದ ಅಂಬಿಗ ಮರಿಯಯ್ಯ ಹರಿಗೋಲಿನಿಂದ ಇಳಿಯಲಿಲ್ಲ.

“ಬೀರಣ್ಣ ಓಗ್ಬುಟ್ಟ ಕಣವ್ವ. ನೆನ್ನೆ ಮಣ್ಣು ಮಾಡುದ್ವಿ.”

ಅವಳು ಹರಿಗೋಲಿನ ಅಂಚು ಹಿಡಿದಳು. “ನಾನೂ ಬತ್ತೀನಿ ಮರಿಯಣ್ಣ.”

“ಬಂದು ಏನ್ ನೋಡೀಯೆ? ಇನ್ನೂ ಸಾಯ್ತಾವ್ರೆ. ಮಕ್ಕಳ ಮಕ ನೋಡ್ಕಂಡು ಇಲ್ಲೇ ಇರು.”

ಅತ್ತ ದೊಡ್ಡವಳು ಚಿಕ್ಕಸಿದ್ದಮ್ಮ ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದಳು. “ಅವ್ವ, ಕಾಲು ನೆಲ ಮುಟ್ತಿಲ್ಲ, ನೋಡವ್ವ,” ಎಂದು ನಕ್ಕಳು. ಕೆಂಪಾಜಮ್ಮ ತಿರುಗಿ ನಿಂತು ಚಪ್ಪಾಳೆ ತಟ್ಟಿದಳು.

ಅವಳು ಬಳೆ ತೆಗೆಯಲಿಲ್ಲ. ಮಕ್ಕಳು ಏಳುವ ಮೊದಲೇ ಮುಖ ತೊಳೆದು ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಅಳು ತಡೆಯಲಾಗದಿದ್ದರೆ ಮೀಯುವ ನೆಪದಲ್ಲಿ ಹೊಳೆಯಲ್ಲಿ ಮುಳುಗಿ, ಉಸಿರು ಕಟ್ಟುವ ತನಕ ಅಲ್ಲೇ ಇರುತ್ತಿದ್ದಳು. ಮೇಲೆದ್ದು ಮತ್ತೆ ಉಯ್ಯಾಲೆ ತೂಗುತ್ತಿದ್ದಳು.

ರೋಗ ಇಳಿದ ಮೇಲೆ ಊರಿಗೆ ಬಂದರು. ಹೊಸ್ತಿಲಲ್ಲೇ ಹೆಂಗಸರು ಅವಳ ಬಳೆ ಒಡೆದರು. ಗಂಡ ಸತ್ತರೂ ಸಿಂಗಾರ ಮಾಡಿಕೊಂಡಿದ್ದವಳೆಂದು ಆಡಿಕೊಂಡರು. ಅದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾಗದೆ ಹೋದದ್ದು ಚಿಕ್ಕಸಿದ್ದಮ್ಮನ ಮಾತು.

“ಅಪ್ಪ ಸತ್ತೋಗಿದ್ದಾಗ ನನ್ನ ನಗಾಕ್ ಬುಟ್ಯಲ್ಲವ್ವ.”

ಆಮೇಲೆ ಆ ಹುಡುಗಿ ಹೊಳೆಗೆ ಇಳಿಯಲೇ ಇಲ್ಲ. ತಾಯಿಯೊಂದಿಗೆ ಬೇಕಾದಷ್ಟೇ ಮಾತು. ಕೆಂಪಾಜಮ್ಮ ಕೂಲಿನಾಲಿ ಮಾಡಿ ಇಬ್ಬರನ್ನೂ ಸಾಕಿದಳು, ದೊಡ್ಡವಳನ್ನು ಕಂಪಲಾಪುರಕ್ಕೆ ಕೊಟ್ಟಳು. ಗಾಡಿ ಹತ್ತುವ ಹೊತ್ತಿಗೆ ಮಗಳ ಕೈ ಹಿಡಿದು, “ಅವತ್ತು ನೀನು ನಗ್ದೆ ಇದ್ದಿದ್ರೆ ನಾನು ವಳೆಗೆ ಬಿದ್ಬುಡ್ತಿದ್ದೆ ಕಣವ್ವ,” ಎಂದಳು.

ಚಿಕ್ಕಸಿದ್ದಮ್ಮ ಕೈ ಬಿಡಿಸಿಕೊಳ್ಳಲಿಲ್ಲ. ಗಾಡಿ ಹೊರಟಿತು.

ಮೊದಲ ಹೆರಿಗೆಗೂ ಅವಳು ತವರಿಗೆ ಬರಲಿಲ್ಲ. ವರ್ಷಗಳು ಕಳೆದು, ಮರಮ್ಮನ ಮನೆಯಲ್ಲಿ ಕೆಂಪಾಜಮ್ಮ ಹಾಸಿಗೆ ಹಿಡಿದಾಗ ಕಂಪಲಾಪುರಕ್ಕೆ ಹೇಳಿಕಳಿಸಿದರು. ಗಾಡಿ ಬರುವಷ್ಟರಲ್ಲಿ ಅವ್ವನನ್ನು ಮಣ್ಣು ಮಾಡಿಯಾಗಿತ್ತು. ಚಿಕ್ಕಸಿದ್ದಮ್ಮ ಆ ಹಸಿ ಮಣ್ಣಿನ ಪಕ್ಕ ಕೂತಳು. ತಂಗಿ ಎಷ್ಟು ಕರೆದರೂ ಏಳಲಿಲ್ಲ.